ಕ್ಯಾಂಪರ್ ಎಸಿಯ ಬ್ಲೋವರ್ ಸಿಕ್ಕಿಕೊಂಡರೆ: ಮೊದಲು ಕೈ, ಆಮೇಲೆ ಕರೆಂಟ್

ಕ್ಯಾಂಪರ್, ಅಂದರೆ ಒಳಗೇ ಮಲಗಲು ಜಾಗವಿರುವ ಪ್ರವಾಸದ ಗಾಡಿ. ಅದರ ಎಸಿ ಸ್ವಿಚ್ ಹಾಕಿದರೆ ಟಾಪ್ ಮೇಲಿಂದ 'ಹುಂ' ಅನ್ನುವ ಸದ್ದು ಮಾತ್ರ, ಗ್ರಿಲ್‌ನಲ್ಲಿ ಗಾಳಿಯಿಲ್ಲ. ಆಗ ಬಹಳ ಜನ ಆಫ್ ಮಾಡಿ ಆನ್ ಮಾಡುತ್ತಾರೆ, ಮತ್ತೆ ಆಫ್, ಮತ್ತೆ ಆನ್. ಮೋಟರ್ ಸುಡುವುದು ಹೆಚ್ಚಾಗಿ ಇಲ್ಲೇ. ತಿರುಗದೆ ನಿಂತ ಮೋಟರ್ ಓಡುವಾಗಿನದಕ್ಕಿಂತ ಜಾಸ್ತಿ ಆಂಪಿಯರ್ ಎಳೆಯುತ್ತದೆ, ಎಳೆದದ್ದೆಲ್ಲ ವೈಂಡಿಂಗ್‌ನಲ್ಲಿ (ಮೋಟರ್ ಒಳಗಿನ ತಂತಿಯ ಸುತ್ತುಗಳಲ್ಲಿ) ಶಾಖವಾಗುತ್ತದೆ, ಆ ಶಾಖ ಒಯ್ಯಲು ಗಾಳಿಯೂ ಇರುವುದಿಲ್ಲ. ನಾಲ್ಕು ಒಣಗಿದ ಎಲೆ ತೆಗೆದರೆ ಮುಗಿಯುತ್ತಿದ್ದ ಕೆಲಸ ರಿವೈಂಡಿಂಗ್ ಅಂಗಡಿಯವರೆಗೆ ಹೋಗುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ದರ್ಜೆಯ ಬಹುತೇಕ ರೂಫ್‌ಟಾಪ್ ಎಸಿಗಳಲ್ಲಿ ಎರಡು ಫ್ಯಾನ್‌ಗೆ ಮೋಟರ್ ಒಂದೇ. ಮೋಟರ್ ನಡುವೆ ಕೂತಿರುತ್ತದೆ, ಎರಡೂ ಕಡೆ ಶಾಫ್ಟ್ ಹೊರಬಂದಿರುತ್ತದೆ. ಒಂದು ತುದಿಯಲ್ಲಿ ಹೊರಗಿನ ಕಂಡೆನ್ಸರ್ ಕಾಯಿಲ್‌ಗೆ ಗಾಳಿ ಎಳೆಯುವ ರೆಕ್ಕೆಯ ಫ್ಯಾನ್, ಇನ್ನೊಂದು ತುದಿಯಲ್ಲಿ ಗಾಡಿಯೊಳಗೆ ತಂಪುಗಾಳಿ ದೂಡುವ ಉರುಳೆಯಾಕಾರದ ಬ್ಲೋವರ್ ಚಕ್ರ. ಒಂದು ಸಿಕ್ಕಿಕೊಂಡರೆ ಎರಡೂ ನಿಲ್ಲುತ್ತವೆ. ಆ ಹೊತ್ತಲ್ಲಿ 'ಕೂಲ್' ಹಾಕಿದರೆ ಕಂಪ್ರೆಸರ್ ಓಡುತ್ತದೆ, ಕಂಡೆನ್ಸರ್‌ನ ಶಾಖ ಹೊರಹೋಗದೆ ಒತ್ತಡ ಏರುತ್ತದೆ, ಓವರ್‌ಲೋಡ್ (ಕಂಪ್ರೆಸರ್ ಬಿಸಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಕಂಪ್ರೆಸರ್ ಆಯಸ್ಸು ಮುಗಿಯುತ್ತದೆ. ಅದು ಹೋದ ಮೇಲೆ ರಿಪೇರಿಗಿಂತ ಹೊಸ ಎಸಿಯೇ ವಾಸಿ ಅನ್ನುವ ಪರಿಸ್ಥಿತಿ. ಹಾಗಾಗಿ ಮುಂದಿನ ಎಲ್ಲ ಪರೀಕ್ಷೆಯೂ 'ಫ್ಯಾನ್' ಮೋಡ್‌ನಲ್ಲಿ. ಫ್ಯಾನ್ ಸರಿಯಾಗುವ ತನಕ 'ಕೂಲ್' ಕಡೆ ಕೈ ಹೋಗಬಾರದು.

ನಿಮ್ಮ ಟಾಪ್ ಮೇಲಿರುವುದು ಯಾವ ಎಸಿ?

ಬೆಂಗಳೂರಲ್ಲಿ ಕ್ಯಾಂಪರ್ ಅಂತ ಓಡಾಡುವ ಗಾಡಿಗಳಲ್ಲಿ ಮೂರು ತರಹದ ಎಸಿ ಇರುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ಮೊದಲನೆಯದು 230 ವೋಲ್ಟ್ ಮನೆ ಕರೆಂಟ್, ಜನರೇಟರ್ ಅಥವಾ ದೊಡ್ಡ ಇನ್ವರ್ಟರ್‌ನಿಂದ ಓಡುವ ಪೂರ್ತಿ ಪೆಟ್ಟಿಗೆಯ ರೂಫ್‌ಟಾಪ್ ಎಸಿ. ಈ ಕೈಪಿಡಿ ಮುಖ್ಯವಾಗಿ ಇದರದ್ದು. ಅಮೆರಿಕದಿಂದ ಬಂದ ಘಟಕವಾದರೆ ಲೇಬಲ್ ಮೇಲೆ 115 ವೋಲ್ಟ್, 60 ಹರ್ಟ್ಜ್ ಅಂತಿರುತ್ತದೆ. ಅದನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಓಡಿಸುತ್ತಿದ್ದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಜ್ ಸರಿಹೋಗುವುದಿಲ್ಲ. ನಮ್ಮ 50 ಹರ್ಟ್ಜ್‌ನಲ್ಲಿ ಆ ಮೋಟರ್ ಆರರಲ್ಲಿ ಐದು ಭಾಗದಷ್ಟು ವೇಗಕ್ಕಿಳಿದು, ಜಾಸ್ತಿ ಬಿಸಿಯಾಗಿ ಓಡುತ್ತದೆ. ಇಂಥ ಗಾಡಿಯಲ್ಲಿ ಮೋಟರ್, ಅದು ಹೊರಡಲು ಮೊದಲ ನೂಕು ಕೊಡುವ ಕೆಪಾಸಿಟರ್ ಎರಡೂ ಬೇಗ ಸೋಲುವುದು ಸಹಜ.

ಎರಡನೆಯದು ಟೆಂಪೋ ಟ್ರಾವೆಲರ್ ತರಹದ, ಎಂಜಿನ್ ಬೆಲ್ಟ್‌ನಿಂದ ಕಂಪ್ರೆಸರ್ ತಿರುಗುವ ಬಸ್ ಎಸಿ. ಇದರ ಬ್ಲೋವರ್ ಮೋಟರ್‌ಗಳು ಬ್ಯಾಟರಿ ಕರೆಂಟಿನವು, ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಇರುವಂಥವು. ಇಲ್ಲಿ ಕೆಪಾಸಿಟರ್ ಹುಡುಕಬೇಡಿ. ಜೋರು ಸ್ಪೀಡ್ ಮಾತ್ರ ಓಡಿ ಉಳಿದವು ಓಡದಿದ್ದರೆ ಸ್ಪೀಡ್ ರೆಸಿಸ್ಟರ್ ಸುಟ್ಟಿದೆ. ಮೋಟರ್ ಮೇಲೆ ಮೆಲ್ಲಗೆ ತಟ್ಟಿದಾಗ ಓಡಲು ಶುರುವಾದರೆ ಬ್ರಷ್ ಸವೆದಿದೆ. ಆಟೋ ಎಲೆಕ್ಟ್ರಿಷಿಯನ್ ಮಾಡುವ ಕೆಲಸ ಅದು.

ಮೂರನೆಯದು 12 ಅಥವಾ 24 ವೋಲ್ಟ್ ಬ್ಯಾಟರಿಯಲ್ಲೇ ಓಡುವ ಹೊಸ ಎಸಿ. ಇದರಲ್ಲಿ ಬ್ರಷ್ ಇಲ್ಲದ ಬಿಎಲ್‌ಡಿಸಿ ಫ್ಯಾನ್ ಇರುತ್ತದೆ. ಸಿಕ್ಕಿಕೊಂಡರೆ ಹುಂಕರಿಸುವುದಿಲ್ಲ, ಎರಡು ಮೂರು ಸಲ ಅಲುಗಿ, ಸುಮ್ಮನಾಗಿ, ಡಿಸ್‌ಪ್ಲೇಯಲ್ಲಿ ಎರರ್ ಕೋಡ್ ತೋರಿಸುತ್ತದೆ. ಕಸ, ಚಕ್ರ, ಬೇರಿಂಗ್‌ನ ಪರೀಕ್ಷೆ ಇದಕ್ಕೂ ಹೊಂದುತ್ತದೆ, ಕೆಪಾಸಿಟರ್ ಭಾಗ ಹೊಂದುವುದಿಲ್ಲ.

ಹತ್ತುವ ಮುಂಚೆ

ಶೋರ್ ಪವರ್ (ಹೊರಗಿಂದ ಗಾಡಿಗೆ ಎಳೆದ ಕರೆಂಟ್) ಪ್ಲಗ್ಗನ್ನು ಕಿತ್ತು ಗಾಡಿಯೊಳಗೆ ತಂದಿಡಿ. ಜನರೇಟರ್ ಆಫ್. ಇನ್ವರ್ಟರ್ ಕೂಡ ಆಫ್. ಇದನ್ನೇ ಜನ ಮರೆಯುವುದು: ಹೊರಗಿನ ಕರೆಂಟ್ ಹೋದ ತಕ್ಷಣ ತಾನಾಗಿ ಬ್ಯಾಟರಿಗೆ ಬದಲಾಗುವ ಇನ್ವರ್ಟರ್ ಇದ್ದರೆ, ಪ್ಲಗ್ ಕಿತ್ತರೂ ಎಸಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಎಸಿಯ ಎಂಸಿಬಿ ಇಳಿಸಿ, ಥರ್ಮೋಸ್ಟಾಟ್ ಆಫ್‌ನಲ್ಲಿಡಿ. ಕೆಳಗಿರುವವರಿಗೆ ಹೇಳಿಯೇ ಹತ್ತಿ.

ಗಾಡಿ ನಿಲ್ಲಿಸಿದ ಜಾಗ ನೋಡಿ. ಬೆಸ್ಕಾಂ ತಂತಿ ಹಾದುಹೋಗುವ ರಸ್ತೆಬದಿಯಲ್ಲಿ ಗಾಡಿ ಟಾಪ್ ಮೇಲೆ ನಿಂತರೆ ತಲೆಗೂ ತಂತಿಗೂ ಅಂತರ ತೀರಾ ಕಡಿಮೆಯಾಗುತ್ತದೆ. ಅಲ್ಯೂಮಿನಿಯಂ ಏಣಿ ಎತ್ತುವಾಗಲಂತೂ ಇನ್ನೂ ಕಡಿಮೆ. ಬೇರೆ ಜಾಗಕ್ಕೆ ತೆಗೆದುಕೊಂಡು ಹೋಗಿ. ಫೈಬರ್ ಟಾಪ್ ಆದರೆ ನೇರವಾಗಿ ಕಾಲಿಡಬೇಡಿ, 12 ಎಂಎಂ ಪ್ಲೈವುಡ್ ತುಂಡು ಹಾಸಿ ಅದರ ಮೇಲೆ ಮಂಡಿಯೂರಿ. ಒದ್ದೆ ಟಾಪ್ ಮೇಲೆ ಕೆಲಸ ಬೇಡ. ಕಾಯಿಲ್‌ನ ಅಲ್ಯೂಮಿನಿಯಂ ಪಟ್ಟಿಗಳು ಬ್ಲೇಡಿನ ಹಾಗೆ ಕುಯ್ಯುತ್ತವೆ, ಕೈಗವಸು ಇರಲಿ.

ಬೇಕಾಗುವ ಸಾಮಾನು ಕಡಿಮೆ: ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂ ಡ್ರೈವರ್, ಎಂಎಂ ಮತ್ತು ಇಂಚು ಎರಡೂ ಅಳತೆಯ ಅಲೆನ್ ಕೀ ಸೆಟ್, ಟಾರ್ಚ್, ಹಳೇ ಪೇಂಟ್ ಬ್ರಷ್, ಮಾರ್ಕರ್ ಪೆನ್, ಫಾಯಿಲ್ ಟೇಪ್, ಕೆಪಾಸಿಟನ್ಸ್ ಅಳೆಯುವ ಮಲ್ಟಿಮೀಟರ್. ಬಿಚ್ಚಿದ ಸ್ಕ್ರೂ ಹಾಕಲು ಒಂದು ಡಬ್ಬಿ ಇರಲಿ, ಟಾಪ್ ಮೇಲಿಂದ ಉರುಳಿದ ಸ್ಕ್ರೂ ಮತ್ತೆ ಸಿಗುವುದಿಲ್ಲ.

ಹೊರಗಿನ ಪ್ಲಾಸ್ಟಿಕ್ ಕವರ್ ಸಾಮಾನ್ಯವಾಗಿ ನಾಲ್ಕೇ ಸ್ಕ್ರೂನಲ್ಲಿ ನಿಂತಿರುತ್ತದೆ. ಬಿಸಿಲಿಗೆ ಪೆಡಸಾಗಿರುತ್ತದೆ, ಮೂಲೆ ಹಿಡಿದು ಎಳೆದರೆ ಮುರಿಯುತ್ತದೆ. ಎರಡೂ ಬದಿಯಿಂದ ಸಮವಾಗಿ ಎತ್ತಿ. ಗಾಡಿಯೊಳಗಿಂದ ಮೇಲಕ್ಕೆ ಹೋಗುವ ಉದ್ದ ಬೋಲ್ಟ್‌ಗಳನ್ನು ಮಾತ್ರ ಮುಟ್ಟಬೇಡಿ. ಟಾಪ್‌ನ ತೂತಿಗೂ ಎಸಿಗೂ ನಡುವಿನ ಗ್ಯಾಸ್ಕೆಟ್ಟನ್ನು ಒತ್ತಿ ಹಿಡಿದಿರುವುದು ಅವೇ. ಬ್ಲೋವರ್ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ, ಸಡಿಲಾದರೆ ಮುಂದಿನ ಮಳೆಗೆ ಹಾಸಿಗೆ ಒದ್ದೆ.

ಕವರ್ ತೆಗೆದ ಮೇಲೆ ಕಾಣುವ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರಬಹುದು. ಹೋಲ್ಡರ್‌ಗೆ ಹಾಕಿದ 60 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬಿನ ಎರಡು ವೈರನ್ನು ಕೆಪಾಸಿಟರ್‌ನ ಎರಡು ಟರ್ಮಿನಲ್‌ಗೆ ಕೆಲವು ಸೆಕೆಂಡ್ ಮುಟ್ಟಿಸಿದರೆ ಖಾಲಿಯಾಗುತ್ತದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. 20 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಇದ್ದರೆ 10 ಸೆಕೆಂಡ್ ಹಿಡಿಯಿರಿ. ಮೂರು ಟರ್ಮಿನಲ್‌ನ ಜೋಡಿ ಕೆಪಾಸಿಟರ್ ಆದರೆ 'ಸಿ'ಯಿಂದ 'ಫ್ಯಾನ್'ಗೆ ಒಮ್ಮೆ, 'ಸಿ'ಯಿಂದ (ಕಾಮನ್) 'ಹರ್ಮ್'ಗೆ (ಕಂಪ್ರೆಸರ್ ಕಡೆಯದು) ಒಮ್ಮೆ. ಆಮೇಲೆ ಮೀಟರ್ ಇಟ್ಟು ವೋಲ್ಟ್ ಸೊನ್ನೆ ಅಂತ ಖಾತ್ರಿ ಮಾಡಿಕೊಳ್ಳಿ. ಸ್ಕ್ರೂ ಡ್ರೈವರ್ ಅಡ್ಡ ಇಟ್ಟು 'ಠಪ್' ಅನ್ನಿಸುವುದು ನಮ್ಮಲ್ಲಿ ಚಾಲ್ತಿಯಲ್ಲಿರುವ ಅಭ್ಯಾಸ. ಕಿಡಿ ಕಣ್ಣಿಗೆ ಹಾರುತ್ತದೆ, ಟರ್ಮಿನಲ್ಲೂ ಹಾಳು.

ದಾರಿ ಕವಲೊಡೆಯುವುದು ಇಲ್ಲಿ

ಕಂಡೆನ್ಸರ್ ಕಡೆಯ ಫ್ಯಾನಿನ ರೆಕ್ಕೆಯನ್ನು ಬುಡದ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸಿ. ಒಂದೇ ಮೋಟರ್ ಆದರೆ ಒಳಗಿನ ಬ್ಲೋವರ್ ಚಕ್ರವೂ ಜೊತೆಗೆ ತಿರುಗುತ್ತದೆ. ಎರಡು ಮೋಟರ್ ಇದ್ದರೆ ಬ್ಲೋವರ್ ಮೇಲಿನ ತಗಡಿನ ಮುಚ್ಚಳ ಬಿಚ್ಚಿ ಅದನ್ನೇ ತಿರುಗಿಸಬೇಕು.

ಸರಿಯಿರುವ ಫ್ಯಾನ್ ಬೆರಳಲ್ಲಿ ಒಂದು ತಳ್ಳು ತಳ್ಳಿದರೆ ಕೆಲವು ಸುತ್ತು ತಾನೇ ತಿರುಗಿ, ನಿಧಾನವಾಗಿ, ಸದ್ದಿಲ್ಲದೆ ನಿಲ್ಲುತ್ತದೆ. ಒಂದಿಷ್ಟೂ ಅಲುಗದಿದ್ದರೆ, ಒಂದೇ ಜಾಗದಲ್ಲಿ ತಡೆದರೆ, ಅಥವಾ ಬಿಟ್ಟ ತಕ್ಷಣ ನಿಂತರೆ ದೋಷ ಕಸ, ಚಕ್ರ, ಬೇರಿಂಗ್ ಈ ಮೂರರಲ್ಲಿ ಒಂದು. ಸಲೀಸಾಗಿ ತಿರುಗಿದರೆ ಕೆಪಾಸಿಟರ್, ಸ್ವಿಚ್, ವೈಂಡಿಂಗ್ ಕಡೆ ಹೋಗಬೇಕು. ಬಿಎಲ್‌ಡಿಸಿ ಫ್ಯಾನ್ ಮಾತ್ರ ಒಳಗಿನ ಆಯಸ್ಕಾಂತದಿಂದಾಗಿ ಕೈಗೆ ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತದೆ, ಅದು ದೋಷವಲ್ಲ.

ಲಕ್ಷಣ: ಹುಂಕರಿಸುತ್ತದೆ, ಕೈಯಲ್ಲೂ ತಿರುಗುವುದಿಲ್ಲ

ಕಣ್ಣಿಂದ ಶುರು ಮಾಡಿ. ನಮ್ಮ ಊರಲ್ಲಿ ಗಾಡಿ ನಿಲ್ಲುವುದೇ ಮರದ ಕೆಳಗೆ. ಮಳೆಮರದ ಸಣ್ಣೆಲೆ, ಹೊಂಗೆ ಹೂವು, ಗುಲ್‌ಮೊಹರ್ ಎಸಳು, ಬೇಸಿಗೆಯಲ್ಲಿ ಹಾರುವ ಬೂರುಗದ ಹತ್ತಿ ಎಲ್ಲವೂ ಕವರ್‌ನ ಜಾಲರಿಯಿಂದ ಒಳಗಿಳಿಯುತ್ತವೆ. ಕಸ ಒಣಗಿದ್ದಾಗ ಫ್ಯಾನ್ ಅದನ್ನು ಪುಡಿ ಮಾಡಿಕೊಂಡು ಓಡುತ್ತದೆ. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತರೆ ಅದೇ ಕಸ ನೆನೆದು, ಮತ್ತೆ ಒಣಗಿ, ಫ್ಯಾನಿಗೂ ಅದರ ಸುತ್ತಿನ ಬಳೆಗೂ ನಡುವೆ ಗಟ್ಟಿಯಾಗಿ ಕೂರುತ್ತದೆ. ದಸರಾ ರಜೆಗೆ ಗಾಡಿ ತೆಗೆದಾಗ ಫ್ಯಾನ್ ಅಲುಗದಿರಲು ಸಾಮಾನ್ಯ ಕಾರಣ ಇದು.

ಮಣ್ಣಿನ ಗೂಡು ಕಟ್ಟುವ ಕಣಜ ಇನ್ನೊಬ್ಬ ಗಿರಾಕಿ. ಮೋಟರ್‌ಗೂ ಫ್ಯಾನಿಗೂ ನಡುವಿನ ಸಂದಿಯಲ್ಲಿ ಗೂಡು ಕಟ್ಟಿದರೆ ಶಾಫ್ಟೇ ಮಣ್ಣಲ್ಲಿ ಹೂತಂತಾಗುತ್ತದೆ. ಅಳಿಲು ತೆಂಗಿನ ನಾರು, ಬಟ್ಟೆ ಚೂರು ತಂದು ತುಂಬುತ್ತದೆ. ನಾರು ಶಾಫ್ಟಿಗೆ ಸುತ್ತಿಕೊಂಡರೆ ಕತ್ತರಿಸಿಯೇ ತೆಗೆಯಬೇಕು, ಎಳೆದರೆ ಇನ್ನೂ ಬಿಗಿಯುತ್ತದೆ. ಕೆಲವು ಘಟಕಗಳಲ್ಲಿ ಬ್ಲೋವರ್ ಸುತ್ತಿನ ಗಾಳಿಯ ದಾರಿ ಥರ್ಮಾಕೋಲ್ ತರಹದ ಫೋಮ್‌ನದ್ದು. ಇಲಿ ಅದನ್ನು ಕಡಿದರೆ ತುಂಡು ನೇರ ಚಕ್ರದೊಳಗೆ ಬೀಳುತ್ತದೆ. ಕಸದ ಜೊತೆ ಬಿಳಿ ಗುಳಿಗೆ ಸಿಕ್ಕರೆ ವೈರ್‌ಗಳನ್ನೂ ಪೂರ್ತಿ ನೋಡಿ, ಇಲಿ ಫೋಮ್‌ಗೆ ಮಾತ್ರ ತೃಪ್ತಿಯಾಗುವ ಪ್ರಾಣಿಯಲ್ಲ.

ಕಸವನ್ನು ಕೈಯಲ್ಲಿ, ಬ್ರಷ್‌ನಲ್ಲಿ, ವ್ಯಾಕ್ಯೂಮ್‌ನಲ್ಲಿ ತೆಗೆಯಿರಿ. ಕಾರ್ ವಾಶ್‌ನ ಪ್ರೆಷರ್ ನೀರು ಬೇಡ. ಕಾಯಿಲ್‌ನ ಪಟ್ಟಿಗಳು ಮಡಚಿಕೊಳ್ಳುತ್ತವೆ, ನೀರು ಮೋಟರ್‌ಗೆ ಹೋಗುತ್ತದೆ. ಇದೇ ಕೈಯಲ್ಲಿ ತಳದ ತಟ್ಟೆಯ ನೀರಿಳಿಯುವ ತೂತುಗಳನ್ನೂ ಬಿಡಿಸಿಬಿಡಿ. ಅವು ಕಟ್ಟಿಕೊಂಡರೆ ನೀರು ನಿಂತು, ತೇವಕ್ಕೆ ಮುಂದಿನ ಸಲ ಬೇರಿಂಗೇ ತುಕ್ಕು ಹಿಡಿಯುತ್ತದೆ.

ಕಸ ಇಲ್ಲ ಅಂದರೆ ಕವರ್ ಮತ್ತು ಫ್ಯಾನ್ ಬಳೆ ನೋಡಿ. ತಗ್ಗಿದ ಕೊಂಬೆ ಬಡಿದು ಕವರ್ ಒಳಕ್ಕೆ ಕುಸಿದಿದ್ದರೆ ಫ್ಯಾನ್ ರೆಕ್ಕೆ ಅದಕ್ಕೆ ತಾಗುತ್ತದೆ. ಒಳಮೈಯಲ್ಲಿ ಬಿಲ್ಲಿನಾಕಾರದ ಉಜ್ಜಿದ ಗುರುತಿರುತ್ತದೆ. ಕವರ್ ತೆಗೆದಾಗ ಸಲೀಸು, ಹಾಕಿದಾಗ ಬಿಗಿ ಅಂದರೆ ಬೇರೆ ಸಾಕ್ಷಿ ಬೇಡ.

ಆಮೇಲೆ ಬ್ಲೋವರ್ ಚಕ್ರ. ಹಿಂಬದಿಯ ತಗಡಿನ ಮುಚ್ಚಳಕ್ಕೆ ಸ್ಕ್ರೂ ಜಾಸ್ತಿ, ಅಂಚಿಗೆ ಫಾಯಿಲ್ ಟೇಪ್ ಹಚ್ಚಿರುತ್ತಾರೆ. ಟೇಪ್ ಕುಯ್ದು ತೆಗೆಯಿರಿ. ಚಕ್ರ ಶಾಫ್ಟ್ ಮೇಲೆ ನಿಂತಿರುವುದು ಒಂದು ಸೆಟ್ ಸ್ಕ್ರೂ (ಅಲೆನ್ ಕೀಯಿಂದ ಬಿಗಿಯುವ ತಲೆಯಿಲ್ಲದ ಸ್ಕ್ರೂ) ಬಲದಿಂದ. ಶಾಫ್ಟ್‌ನ ಒಂದು ಬದಿ ಚಪ್ಪಟೆಯಾಗಿರುತ್ತದೆ, ಸ್ಕ್ರೂ ಆ ಚಪ್ಪಟೆ ಮೇಲೇ ಕೂರಬೇಕು. ಹಂಪ್ ಮೇಲೆ ಹಂಪ್ ಹಾರಿದ ಗಾಡಿಯಲ್ಲಿ ಸ್ಕ್ರೂ ಸಡಿಲಾಗಿ ಚಕ್ರ ಪಕ್ಕಕ್ಕೆ ಜರುಗಿ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಚಕ್ರದ ಎರಡೂ ಬದಿಯ ಸಂದಿ ನೋಡಿ: ಒಂದು ಕಡೆ ಬೆರಳು ಹೋಗುವಷ್ಟು, ಇನ್ನೊಂದು ಕಡೆ ಕಾಗದವೂ ಹೋಗದಷ್ಟು ಅಂದರೆ ಜರುಗಿದೆ. ಸ್ಕ್ರೂ ಸಡಿಲಿಸಿ, ಹಳೆಯ ಗುರುತಿಗೆ ತಂದು, ಚಪ್ಪಟೆ ಮೇಲೆ ಬಿಗಿಯಿರಿ. ಹಳೆಯ ಗುರುತು ಶಾಫ್ಟ್ ಮೇಲೆ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಗುರುತೇ ಇಲ್ಲದಿದ್ದರೆ ಎರಡೂ ಕಡೆ ಸುತ್ತಲೂ ತಾಗದ ಜಾಗ ಹುಡುಕಿ ನಿಲ್ಲಿಸಿ.

ಇಷ್ಟಾದರೂ ಬಿಗಿಯಿದ್ದರೆ ಉಳಿದದ್ದು ಬೇರಿಂಗ್. ಖಾತ್ರಿಗೆ ಚಕ್ರ ಮತ್ತು ಫ್ಯಾನ್ ಎರಡನ್ನೂ ಶಾಫ್ಟಿನಿಂದ ತೆಗೆದು ಬರೀ ಶಾಫ್ಟನ್ನು ತಿರುಗಿಸಬೇಕು. ತೆಗೆಯುವ ಮುಂಚೆ ಚಕ್ರದ ಜಾಗವನ್ನು ಮಾರ್ಕರ್‌ನಲ್ಲಿ ಗುರುತು ಮಾಡಿ, ಫೋಟೋ ತೆಗೆಯಿರಿ. ಗೋಕರ್ಣ, ಕಾರವಾರ ಅಂತ ಕಡಲ ತೀರದಲ್ಲಿ ದಿನಗಟ್ಟಲೆ ನಿಂತುಬಂದ ಗಾಡಿಯಲ್ಲಿ ಉಪ್ಪುಗಾಳಿಗೆ ಸೆಟ್ ಸ್ಕ್ರೂ, ಶಾಫ್ಟ್ ಎರಡೂ ತುಕ್ಕು ಹಿಡಿದು ಒಂದಾಗಿರುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಶಾಫ್ಟ್‌ನ ಹೊರಗೆ ಕಾಣುವ ಭಾಗವನ್ನು ಸಣ್ಣ ಎಮರಿ ಪೇಪರ್‌ನಲ್ಲಿ ಉಜ್ಜಿ ನುಣುಪು ಮಾಡಿ, ಚಕ್ರವನ್ನು ನಡುವಿನ ಹಬ್ ಹಿಡಿದು ಎಳೆಯಿರಿ. ಅಂಚು ಹಿಡಿದು ಎಳೆದರೆ ಚಕ್ರ ಸೊಟ್ಟಗಾಗುತ್ತದೆ. ಶಾಫ್ಟ್ ತುದಿಗೆ ಸುತ್ತಿಗೆ ಏಟು ಬೇಡವೇ ಬೇಡ: ತುದಿ ಅಗಲವಾದರೆ ಚಕ್ರ ಇನ್ನೆಂದೂ ಹೊರಬರುವುದಿಲ್ಲ, ಏಟು ನೇರ ಬೇರಿಂಗ್‌ಗೂ ಇಳಿಯುತ್ತದೆ. ಬಾರದಿದ್ದರೆ ಪುಲ್ಲರ್ (ಚಕ್ರ ಎಳೆದು ತೆಗೆಯುವ ಸಾಧನ) ಇರುವವರ ಹತ್ತಿರ ಹೋಗಿ.

ಬರೀ ಶಾಫ್ಟ್ ಸಲೀಸಾಗಿ ತಿರುಗಿದರೆ ಮೋಟರ್‌ನ ಯಂತ್ರಭಾಗ ಸರಿಯಿದೆ, ತಪ್ಪು ಚಕ್ರದ್ದು ಅಥವಾ ಗೂಡಿನದ್ದು. ಬಿಗಿಯಿದ್ದರೆ ಮೋಟರ್‌ನ ಎರಡು ತುದಿಯಲ್ಲಿ ಎಣ್ಣೆ ಬಿಡುವ ಸಣ್ಣ ರಬ್ಬರ್ ಬಿರಡೆ ಇದೆಯಾ ನೋಡಿ. ಇದ್ದರೆ ಅದು ಬುಷ್ ಮೋಟರ್, ಅಂದರೆ ಬಾಲ್ ಬೇರಿಂಗ್ ಬದಲು ಶಾಫ್ಟ್ ಒಂದು ಲೋಹದ ಬಳೆಯೊಳಗೆ ತಿರುಗುವಂಥದ್ದು. ಎಸ್‌ಎಇ 20 ದರ್ಜೆಯ ಡಿಟರ್ಜೆಂಟ್ ಇಲ್ಲದ ಮೋಟರ್ ಎಣ್ಣೆ ಒಂದೊಂದು ಕಡೆ ನಾಲ್ಕೈದು ಹನಿ ಸಾಕು. ಹೆಚ್ಚು ಸುರಿದರೆ ವೈಂಡಿಂಗ್ ಮೇಲೆ ಇಳಿದು ಧೂಳು ಹಿಡಿಸುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನೇ ಎಣ್ಣೆಯೆಂದು ಬುಷ್‌ಗೆ ಹೊಡೆಯುವವರಿದ್ದಾರೆ. ಆ ದಿನ ತಿರುಗುತ್ತದೆ. ಒಳಗಿದ್ದ ಹಳೇ ಎಣ್ಣೆಯನ್ನೂ ತೊಳೆದುಬಿಟ್ಟಿರುವುದರಿಂದ ಆಮೇಲೆ ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಹೊಲಿಗೆ ಮಷಿನ್ ಎಣ್ಣೆ ತೀರಾ ತೆಳು, ದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಸೇರುವ ಮಟ್ಟಿಗೆ ಸರಿ.

ಎಣ್ಣೆ ಹಾಕಿ ತಿರುಗಿದ ಮೇಲೂ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ. ಉದ್ದುದ್ದಕ್ಕೆ ಸ್ವಲ್ಪ ಆಟ ಇರುವುದು ಸಹಜ. ಮೇಲೆ ಕೆಳಗೆ 'ಟಕ್ ಟಕ್' ಅಂದರೆ ಬುಷ್ ಸವೆದಿದೆ, ಎಣ್ಣೆ ಅದನ್ನು ತುಂಬಿಕೊಡುವುದಿಲ್ಲ. ಬಿರಡೆಯೇ ಇಲ್ಲದ, ಬಾಲ್ ಬೇರಿಂಗ್‌ನ ಮೋಟರ್ ಆದರೆ ಬೇರಿಂಗ್ ಬದಲಿಸಬಹುದು. ನಂಬರ್ ಬೇರಿಂಗ್ ಮೇಲೇ ಕೊರೆದಿರುತ್ತದೆ. ಕೊಳ್ಳುವಾಗ ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ತಗಡಿನ ಮುಚ್ಚಳದ ಝಡ್‌ಝಡ್ ಮಳೆ ಧೂಳಿನ ಟಾಪ್ ಮೇಲೆ ಅಷ್ಟು ಕಾಲ ತಡೆಯುವುದಿಲ್ಲ. ಎರಡೂ ತುದಿಯದನ್ನು ಒಟ್ಟಿಗೇ ಬದಲಿಸಿ.

ಲಕ್ಷಣ: ಹುಂಕರಿಸುತ್ತದೆ, ಆದರೆ ಕೈಯಲ್ಲಿ ಸಲೀಸು

ಇದು ಹೆಚ್ಚಾಗಿ ಕೆಪಾಸಿಟರ್. ಮೋಟರ್ ಯಾವ ದಿಕ್ಕಿಗೆ ಹೊರಡಬೇಕು ಅನ್ನುವ ಮೊದಲ ನೂಕು ಕೊಡುವುದು ಅದು. ಅದು ಬಡವಾದರೆ ಮೋಟರ್ ನಿಂತಲ್ಲೇ ಹುಂಕರಿಸುತ್ತದೆ, ಇಲ್ಲವೇ 'ಹೈ'ನಲ್ಲಿ ಹೊರಟು 'ಲೋ'ನಲ್ಲಿ ಹೊರಡುವುದಿಲ್ಲ. ಕರೆಂಟ್ ಇರುವಾಗ ಕೋಲಿನಿಂದ ರೆಕ್ಕೆ ತಳ್ಳಿ ನೋಡುವ ಟೇಬಲ್ ಫ್ಯಾನ್ ಉಪಾಯ ಟಾಪ್ ಮೇಲೆ ಬೇಡ. ಅಳೆಯುವುದು ಅದಕ್ಕಿಂತ ಸುಲಭ.

ಚಾರ್ಜ್ ಖಾಲಿ ಮಾಡಿ, ಯಾವ ವೈರ್ ಎಲ್ಲಿತ್ತು ಅಂತ ಫೋಟೋ ತೆಗೆದು, ವೈರ್ ಕಿತ್ತು ಅಳೆಯಿರಿ. ಫ್ಯಾನಿನ ಕೆಪಾಸಿಟರ್ ಹೆಚ್ಚಾಗಿ 5ರಿಂದ 15 ಮೈಕ್ರೋಫ್ಯಾರಡ್ ಒಳಗಿರುತ್ತದೆ. ಮೈಮೇಲೆ 10 ಅಂತಲೂ 5 ಶೇಕಡ ಅಂತಲೂ ಬರೆದಿದ್ದರೆ 9.5ರಿಂದ 10.5 ಸರಿ. 9ಕ್ಕಿಂತ ಕೆಳಗಿದ್ದರೆ ಬದಲಿಸಿ. ತಲೆ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ ಅಳೆಯುವ ಅಗತ್ಯವೂ ಇಲ್ಲ. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು. 'ಜಾಸ್ತಿ ಹಾಕಿ ಸಾರ್, ಜೋರು ಓಡುತ್ತೆ' ಅನ್ನುವ ಅಂಗಡಿ ಮಾತಿಗೆ ಬೀಳಬೇಡಿ, ವೈಂಡಿಂಗ್ ಬಿಸಿಯಾಗುತ್ತದೆ. ವೋಲ್ಟ್ ಮಾತ್ರ ಮೇಲಿನದಾಗಬಹುದು: 370 ಇದ್ದಲ್ಲಿ 440 ಹಾಕಬಹುದು, 440 ಇದ್ದಲ್ಲಿ 370 ಹಾಕಬಾರದು. ಕೆಲವು ನೂರು ರೂಪಾಯಿಯ ಸಾಮಾನು, ಎಸ್.ಪಿ. ರೋಡ್‌ನಲ್ಲೋ ಎಸಿ ಬಿಡಿಭಾಗದ ಅಂಗಡಿಯಲ್ಲೋ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಫ್ಯಾನ್ ಮೋಡ್‌ನಲ್ಲಿ ಚೆನ್ನಾಗಿ ಓಡುತ್ತಿದ್ದು, ಕಂಪ್ರೆಸರ್ ಏಳುವ ಕ್ಷಣಕ್ಕೆ ಕುಂಟುತ್ತದೆ ಅಂದರೆ ವೈರ್ ನೋಡಿ. 0.75 ಚದರ ಎಂಎಂನ ತೆಳು ಎಕ್ಸ್‌ಟೆನ್ಶನ್ 30 ಮೀಟರ್ ಎಳೆದರೆ ಹೋಗಿ ಬರುವ ದಾರಿ ಸೇರಿ ಸುಮಾರು ಒಂದೂವರೆ ಓಮ್ ಆಗುತ್ತದೆ. 8 ಆಂಪಿಯರ್‌ನಲ್ಲಿ 12 ವೋಲ್ಟ್ ಅಲ್ಲೇ ಕರಗಿತು. ಕಂಪ್ರೆಸರ್ ಏಳುವಾಗ ಒಂದು ಕ್ಷಣ 40 ಆಂಪಿಯರ್ ಎಳೆದರೆ 60 ವೋಲ್ಟ್ ಕರಗಿತು. 2.5 ಚದರ ಎಂಎಂ ವೈರ್, 16 ಆಂಪಿಯರ್ ಪ್ಲಗ್, ಆದಷ್ಟು ಗಿಡ್ಡ ಉದ್ದ. ಇನ್ವರ್ಟರ್‌ನಲ್ಲಿ ಓಡಿಸುವವರು ಶುದ್ಧ ಸೈನ್ ವೇವ್‌ನದ್ದನ್ನೇ ಬಳಸಿ; ಅಗ್ಗದ ಚೌಕ ಅಲೆಯಲ್ಲಿ ಒಳ್ಳೆಯ ಮೋಟರ್ ಕೂಡ ಹುಂಕರಿಸಿ ಬಿಸಿಯಾಗುತ್ತದೆ.

ಲಕ್ಷಣ: ಸದ್ದೇ ಇಲ್ಲ

ಹುಂಕಾರವೂ ಇಲ್ಲ ಅಂದರೆ ಕರೆಂಟ್ ಮೋಟರ್ ತನಕ ಬರುತ್ತಿಲ್ಲ, ಅಥವಾ ಮೋಟರ್ ಒಳಗೆ ತುಂಡಾಗಿದೆ. ಎಂಸಿಬಿ, ಪ್ಲಗ್, ಥರ್ಮೋಸ್ಟಾಟ್‌ನ 12 ವೋಲ್ಟ್ ಫ್ಯೂಸ್ ಮೊದಲು. ಗೋಡೆಯ ಥರ್ಮೋಸ್ಟಾಟ್ ಇರುವ ಎಸಿಗಳಲ್ಲಿ ಕಂಟ್ರೋಲ್ ಬೋರ್ಡ್ ಗಾಡಿಯ 12 ವೋಲ್ಟ್‌ನಿಂದ ಎಚ್ಚರವಾಗುತ್ತದೆ, ಬ್ಯಾಟರಿ ಸತ್ತಿದ್ದರೆ 230 ಇದ್ದೂ ಸುಮ್ಮನಿರುತ್ತದೆ. ಬೋರ್ಡ್‌ನಲ್ಲಿ ರಿಲೇ 'ಟಿಕ್' ಅಂದರೆ ಆಜ್ಞೆ ಬಂದಿದೆ, ದೋಷ ಅದರ ಮುಂದೆ. ತಿರುಗುಸ್ವಿಚ್‌ನ ಎಸಿಯಲ್ಲಿ ಒಂದು ಸ್ಪೀಡ್ ಮಾತ್ರ ಸತ್ತಿದ್ದರೆ ಸ್ವಿಚ್ ಮೊದಲ ಅನುಮಾನ.

ಕರೆಂಟ್ ತೆಗೆದು, ವೈರ್ ಕಿತ್ತು, ಮೋಟರ್‌ನ ಕಾಮನ್ ವೈರ್‌ನಿಂದ ಉಳಿದ ಒಂದೊಂದಕ್ಕೂ ಓಮ್ ಅಳೆಯಿರಿ. ಎಲ್ಲದಕ್ಕೂ ಏನಾದರೂ ಅಂಕಿ ಬರಬೇಕು. ಮೀಟರ್ 'ಓಎಲ್' (ಕರೆಂಟ್‌ಗೆ ದಾರಿಯಿಲ್ಲ) ತೋರಿಸಿದರೆ ಎರಡು ಸಾಧ್ಯತೆ: ವೈಂಡಿಂಗ್ ತುಂಡಾಗಿದೆ, ಇಲ್ಲವೇ ಒಳಗಿನ ಶಾಖ ರಕ್ಷಕ (ಬಿಸಿಯಾದರೆ ಕರೆಂಟ್ ಕಡಿಯುವ ಸ್ವಿಚ್) ತೆರೆದುಕೊಂಡಿದೆ. ಮೋಟರ್ ಮೈ ಬಿಸಿ ಇದ್ದರೆ ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಬಂದರೆ ರಕ್ಷಕ ತನ್ನ ಕೆಲಸ ಮಾಡಿದೆ, ಬಿಸಿಯಾಗಲು ಕಾರಣ ಹುಡುಕುವುದು ಬಾಕಿ.

ಲಕ್ಷಣ: ಕೆರೆತ, ಕೀಚಲು, ಗಡಗಡ

ಪೂರ್ತಿ ಸಿಕ್ಕಿಕೊಳ್ಳುವ ಮುಂಚೆ ಫ್ಯಾನ್ ಹೀಗೆ ಮಾತಾಡುತ್ತದೆ. ಶುರುವಿನಲ್ಲಿ ಕೀಚಿ, ಬಿಸಿಯಾದ ಮೇಲೆ ಸುಮ್ಮನಾದರೆ ಬುಷ್ ಎಣ್ಣೆ ಒಣಗುತ್ತಿದೆ. ಸುತ್ತಿಗೊಮ್ಮೆ 'ಸರ್ ಸರ್' ಅಂತ ಕೆರೆದರೆ ಚಕ್ರ ಜರುಗಿದೆ ಅಥವಾ ಸೊಟ್ಟಗಿದೆ. ಇಡೀ ಟಾಪ್ ನಡುಗಿದರೆ ತೂಕ ತಪ್ಪಿದೆ: ಹಂಪಿ, ಬಳ್ಳಾರಿ ಕಡೆಯ ಕೆಂಪು ಧೂಳು ಬ್ಲೋವರ್ ಚಕ್ರದ ಪಟ್ಟಿಗಳ ಒಳಗೆ ಪದರವಾಗಿ ಕೂತು ಒಂದು ಕಡೆ ಉದುರಿದರೆ ಸಾಕು. ಹಳೇ ಟೂತ್‌ಬ್ರಷ್‌ನಲ್ಲಿ ಪಟ್ಟಿ ಪಟ್ಟಿ ಉಜ್ಜಿ. ಆಗ ಒಂದೆರಡು ಪಟ್ಟಿಗೆ ಸಿಕ್ಕಿಸಿದ ಸಣ್ಣ ಲೋಹದ ಕ್ಲಿಪ್ ಕಂಡರೆ ಕಸವೆಂದು ಕಿತ್ತು ಬಿಸಾಡಬೇಡಿ, ಚಕ್ರದ ತೂಕ ಸರಿದೂಗಿಸಲು ಕಾರ್ಖಾನೆಯಲ್ಲೇ ಹಾಕಿದ್ದು.

ಲಕ್ಷಣ: ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ತಣಿದ ಮೇಲೆ ಮತ್ತೆ ಓಡುತ್ತದೆ

ಶಾಖ ರಕ್ಷಕ ತೆರೆದು ಮುಚ್ಚುವ ಆಟ ಇದು. ನಿಂತ ತಕ್ಷಣ ಕರೆಂಟ್ ತೆಗೆದು ಶಾಫ್ಟ್ ತಿರುಗಿಸಿ ನೋಡಿ. ಬಿಸಿಯಲ್ಲಿ ಬಿಗಿ, ತಣ್ಣಗಿದ್ದಾಗ ಸಲೀಸು ಅಂದರೆ ಬೇರಿಂಗ್. ಎರಡೂ ಹೊತ್ತು ಸಲೀಸಾದರೆ ಕೆಪಾಸಿಟರ್, ವೋಲ್ಟೇಜ್, ಕೊನೆಗೆ ವೈಂಡಿಂಗ್. ಕ್ಲ್ಯಾಂಪ್ ಮೀಟರ್ ಇದ್ದರೆ ಫ್ಯಾನ್ ಎಳೆಯುವ ಆಂಪಿಯರನ್ನು ಲೇಬಲ್‌ನ ಅಂಕಿ ಜೊತೆ ಹೋಲಿಸಿ. ಲೇಬಲ್‌ಗಿಂತ ಜಾಸ್ತಿ ಎಳೆಯುತ್ತಾ ನಿಧಾನ ತಿರುಗುವ ಮೋಟರ್ ಹೆಚ್ಚು ದಿನ ಬಾಳುವುದಿಲ್ಲ.

ಲಕ್ಷಣ: ಫ್ಯಾನ್ ಸದ್ದು ಇದೆ, ಗಾಳಿ ಇಲ್ಲ

ಇದು ಜಾಮ್ ಅಲ್ಲ. ಮೋಟರ್ ತಿರುಗಿ ಚಕ್ರ ನಿಂತಿದ್ದರೆ ಸೆಟ್ ಸ್ಕ್ರೂ ಸಡಿಲ. ಇಲ್ಲದಿದ್ದರೆ ಒಳಗಿನ ಕಾಯಿಲ್ ಮೇಲೆ ಮಂಜು ಕಟ್ಟಿದೆ. ಫಿಲ್ಟರ್ ಕೊಳೆ, ಗ್ಯಾಸ್ ಕಡಿಮೆ, ರಾತ್ರಿಯ ಚಳಿಯಲ್ಲಿ 'ಲೋ' ಫ್ಯಾನ್ ಜೊತೆ ಓಡಿಸಿದ್ದು ಇವು ಮಾಮೂಲಿ ಕಾರಣ. 'ಕೂಲ್' ಆಫ್ ಮಾಡಿ ಬರೀ ಫ್ಯಾನ್ ಬಿಟ್ಟು ಕರಗಿಸಿ. ಸ್ಕ್ರೂ ಡ್ರೈವರ್‌ನಿಂದ ಮಂಜು ಕೆತ್ತಿದರೆ ಕಾಯಿಲ್ ತೂತಾಗುತ್ತದೆ. ಫಿಲ್ಟರ್ ತೊಳೆದ ಮೇಲೂ ಮಂಜು ಕಟ್ಟಿದರೆ ಗ್ಯಾಸ್ ಕೆಲಸ ಬಲ್ಲವರನ್ನು ಕರೆಯಿರಿ.

ಇಲ್ಲಿ ಕೈ ತೆಗೆಯಿರಿ

ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬಿದ್ದರೆ ಕರೆಂಟ್ ಎಲ್ಲೋ ಗಾಡಿಯ ಮೈಗೆ ಸೋರುತ್ತಿದೆ ಅಂತ ಅರ್ಥ. ಟಾಪ್ ಲೋಹದ್ದಾದರೆ ಇಡೀ ಗಾಡಿ ಶಾಕ್ ಹೊಡೆಯಬಹುದು. ಇಎಲ್‌ಸಿಬಿಯನ್ನು ಬೈಪಾಸ್ ಮಾಡಿ 'ನೋಡೋಣ' ಅನ್ನುವುದು ಜೀವದ ಜೊತೆ ಆಟ. ಮೋಟರ್ ವೈರ್‌ನಿಂದ ಅದರ ಲೋಹದ ಮೈಗೆ ಓಮ್ ಅಳೆದಾಗ ಅಂಕಿ ಬಂದರೆ ಮೋಟರ್ ಹೋಗಿದೆ. ಮೀಟರ್ 'ಓಎಲ್' ತೋರಿಸಿದರೂ ನಂಬಿಬಿಡಬೇಡಿ, ತೇವದ ಸೋರಿಕೆ ಮೆಗ್ಗರ್‌ನಲ್ಲಿ (ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೀಟರ್) ಮಾತ್ರ ಕಾಣುತ್ತದೆ.

ಸುಟ್ಟ ವಾರ್ನಿಶ್ ವಾಸನೆ, ಕಪ್ಪಾದ ವೈರ್, ಕರಗಿದ ಕನೆಕ್ಟರ್ ಕಂಡರೆ ಮತ್ತೆ ಕರೆಂಟ್ ಕೊಡಬೇಡಿ. ತಾಮ್ರದ ಪೈಪ್ ಸುತ್ತ ಎಣ್ಣೆ ಜಿಡ್ಡು ಅಥವಾ 'ಸುಸ್' ಸದ್ದು ಇದ್ದರೆ ಗ್ಯಾಸ್ ಸೋರಿದೆ. ಲೇಬಲ್ ಮೇಲೆ ಆರ್-32 ಅಂತಿದ್ದರೆ ಅದು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಬೆಂಕಿ, ಸೋಲ್ಡರಿಂಗ್ ಹತ್ತಿರ ಬೇಡ. ಮೋಟರ್ ತೆಗೆಯಲು ಪೈಪ್ ಬಗ್ಗಿಸಲೇಬೇಕು ಅನ್ನಿಸಿದರೂ ನಿಲ್ಲಿಸಿ.

ಮೋಟರನ್ನೇ ಬದಲಿಸಬೇಕಾದರೆ

ಅದೇ ಮಾಡೆಲ್‌ನ ಮೋಟರ್ ಸಿಗದಿದ್ದರೆ ಬೆಂಗಳೂರಲ್ಲಿ ಎರಡು ದಾರಿ: ಹೊಂದುವ ಮೋಟರ್ ಹುಡುಕುವುದು ಅಥವಾ ಹಳೆಯದನ್ನೇ ಸುತ್ತಿಸುವುದು. ಎಸ್.ಜೆ.ಪಿ. ರೋಡ್, ಪೀಣ್ಯ ಕಡೆಯ ರಿವೈಂಡಿಂಗ್ ಕೆಲಸಗಾರರಿಗೆ ಇದು ಹೊಸದಲ್ಲ. 115 ವೋಲ್ಟ್ ಮೋಟರ್ ಆದರೆ 230 ವೋಲ್ಟ್, 50 ಹರ್ಟ್ಜ್‌ಗೆ ಸುತ್ತಿಕೊಡಲು ಕೇಳಬಹುದು. ಆದರೆ ಎಸಿಯೊಳಗೆ ಉಳಿದದ್ದೆಲ್ಲ 115 ವೋಲ್ಟ್ ಇರುವಾಗ ಫ್ಯಾನ್ ಒಂದಕ್ಕೆ 230ರ ದಾರಿ ಬೇರೆ ಎಳೆಯಬೇಕಾಗುತ್ತದೆ, ಅದನ್ನು ಮೊದಲೇ ಎಲೆಕ್ಟ್ರಿಷಿಯನ್ ಜೊತೆ ಮಾತಾಡಿ. ಸುತ್ತಿದ ಮೇಲೆ ಕೆಪಾಸಿಟರ್ ಅಳತೆಯೂ ಬದಲಾಗುತ್ತದೆ, ಎಷ್ಟು ಹಾಕಬೇಕು ಅಂತ ಅವರಿಂದಲೇ ಬರೆಸಿಕೊಳ್ಳಿ. ಶಾಖ ರಕ್ಷಕವನ್ನು ವೈಂಡಿಂಗ್ ಒಳಗೆ ವಾಪಸ್ ಹಾಕಿದ್ದಾರಾ ಅಂತ ಕೇಳಿ, ಬಿಟ್ಟುಬಿಡುವವರೂ ಇದ್ದಾರೆ.

ಹೊಸ ಮೋಟರ್ ಕೊಳ್ಳುವುದಾದರೆ ವೋಲ್ಟ್, ಹರ್ಟ್ಜ್, ಎಚ್‌ಪಿ, ಆರ್‌ಪಿಎಂ, ಸ್ಪೀಡ್ ಎಷ್ಟು, ಶಾಫ್ಟ್‌ನ ದಪ್ಪ, ಎರಡೂ ಕಡೆಯ ಉದ್ದ ಎಲ್ಲ ಬರೆದಿಟ್ಟುಕೊಳ್ಳಿ. ಅಮೆರಿಕದ ಘಟಕಗಳಲ್ಲಿ ಶಾಫ್ಟ್ ಅರ್ಧ ಇಂಚಿನದು, ಅಂದರೆ 12.7 ಎಂಎಂ, ಆಗಿರುವುದುಂಟು. ಅದಕ್ಕೆ 12 ಎಂಎಂ ಶಾಫ್ಟ್ ಹಾಕಿ ಸ್ಕ್ರೂ ಬಿಗಿದರೆ ಚಕ್ರ ಕೇಂದ್ರ ತಪ್ಪಿ ನಡುಗುತ್ತದೆ. ತಿರುಗುವ ದಿಕ್ಕನ್ನು ಯಾವ ತುದಿಯಿಂದ ನೋಡಿ ಹೇಳುತ್ತಿದ್ದೀರಿ ಅನ್ನುವುದನ್ನೂ ಬರೆಯಿರಿ. ಉಲ್ಟಾ ತಿರುಗಿದರೂ ಬ್ಲೋವರ್ ಚಕ್ರ ಸ್ವಲ್ಪ ಗಾಳಿ ಕೊಡುತ್ತದೆ. 'ಹೊಸ ಮೋಟರ್, ಆದರೂ ತಂಪಿಲ್ಲ' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಮುಚ್ಚುವಾಗ

ಎಲ್ಲ ಜೋಡಿಸಿದ ಮೇಲೆ, ಮುಚ್ಚಳ ಹಾಕುವ ಮುಂಚೆ ಹತ್ತು ಸುತ್ತು ಕೈಯಲ್ಲಿ ತಿರುಗಿಸಿ. ತಗಡಿನ ಮುಚ್ಚಳ ಹಾಕಿ ಮತ್ತೊಮ್ಮೆ. ಅಂಚಿಗೆ ಹೊಸ ಫಾಯಿಲ್ ಟೇಪ್ ಹಚ್ಚಿ, ಸಂದಿ ಬಿಟ್ಟರೆ ತಂಪುಗಾಳಿ ಬಿಸಿ ಕಡೆಗೆ ಸೋರುತ್ತದೆ. ವೈರ್‌ಗಳನ್ನು ಟ್ಯಾಗ್ ಹಾಕಿ ಫ್ಯಾನಿನಿಂದ ದೂರ ಕಟ್ಟಿ. ಹೊರಗಿನ ಕವರ್ ಕೂಡ ಹಾಕಿ, ಸ್ಕ್ರೂ ಬಿಗಿದು, ಏಣಿ ಇಳಿದ ಮೇಲೆ ಕರೆಂಟ್ ಕೊಡಿ.

ಬರೀ ಫ್ಯಾನ್ 'ಹೈ'ನಲ್ಲಿ 15 ನಿಮಿಷ, ಆಮೇಲೆ 'ಲೋ'ಗೆ ಇಳಿಸಿ 15 ನಿಮಿಷ. ಪೂರ್ತಿ ನಿಲ್ಲಿಸಿ, 'ಲೋ'ನಿಂದಲೇ ಮತ್ತೆ ಹೊರಡಿಸಿ. ಬಡ ಕೆಪಾಸಿಟರ್, ಬಿಗಿ ಬುಷ್ ಎರಡೂ ಸಿಕ್ಕಿಬೀಳುವುದು ಇಲ್ಲಿ. ಇದು ಪಾಸಾದರೆ 'ಕೂಲ್' ಹಾಕಿ. ಕಂಪ್ರೆಸರ್ ಒಮ್ಮೆ ನಿಂತರೆ ಮತ್ತೆ ಹಾಕುವ ಮುಂಚೆ ಕನಿಷ್ಠ 3 ನಿಮಿಷ ಬಿಡಿ. ಗಾಡಿಯನ್ನು ಮತ್ತೆ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ಫ್ಯಾನ್ ಓಡಿಸಿ. ಎಸಿಗೆ ಬಟ್ಟೆಯ ಹೊದಿಕೆ ಹಾಕಿದ್ದರೆ ಅವತ್ತು ಮೊದಲು ಅದನ್ನು ತೆಗೆಯಿರಿ.